ನಾವು ಕೈಬಿಟ್ಟ ಆರು ಪುಟ

ಫೆಬ್ರುವರಿ ೩೦, ೨೧೮೯. ಹೊಸ ಗಂಗೊಳ್ಳಿಯ ಓದುಚಾವಡಿ. ಮಧ್ಯಾಹ್ನದ ಇಳಿತ ಮುಗಿದು ಒಂದು ಗಂಟೆಯಾಗಿದೆ. ಪಡುಗಾಳಿ. ಕಾಯುದಿಬ್ಬದಲ್ಲಿ ಹನ್ನೊಂದು ಜನರಿದ್ದಾರೆ. ನಾಳೆ ಬೆಳಗಿನ ಭರತಕ್ಕೆ ಅವರಲ್ಲಿ ಒಬ್ಬರನ್ನು ಹಡಗು ಹತ್ತಿಸಿ ವಾಪಸು ಕಳಿಸಬೇಕಾಗಿದೆ.

ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಬದುಕಿರುವವರಿಗೆ,

ಮೊದಲು ತಾರೀಖಿನ ಬಗ್ಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಫೆಬ್ರುವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಓದಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸಿಲ್ಲ. ಆಗ ಊರಿಗೆ ಊರೇ ಕುಳಿತು ಬಲೆ ಹೆಣೆಯುತ್ತದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು. ಬಂದಲ್ಲೇ ಅವುಗಳ ಅರ್ಥ ಹೇಳುತ್ತಾ ಹೋಗುತ್ತೇನೆ.

ನಾನು ಜಲಜಾ ಖಾರ್ವಿ. ವಯಸ್ಸು ಅರವತ್ತೊಂದು. ಮೂವತ್ತೊಂದು ವರ್ಷಗಳಿಂದ ಈ ಊರಿನ ಒಕ್ಕಣೆಗಾರ್ತಿ. ದೂರದೇಶದ ಸಂಗತಿಯೊಂದರ ಬಗ್ಗೆ ಊರು ಏನು ತಿಳಿಯಬೇಕು ಎಂಬುದನ್ನು ಎರಡು ಪುಟಗಳಲ್ಲಿ ಬರೆದು ಓದುಚಾವಡಿಯ ಬಾಗಿಲಿಗೆ ಅಂಟಿಸುತ್ತೇವೆ. ಆ ಬರಹವೇ ಒಕ್ಕಣೆ. ಒಕ್ಕಣೆಯಲ್ಲಿ ತಪ್ಪಿದವರು ಹಿಂದಿನ ಕಾಲದವರಿಗೆ ಒಂದು ಕಾಗದ ಬರೆಯಬೇಕೆಂಬುದು ಇಲ್ಲಿಯ ಪದ್ಧತಿ. ಅದನ್ನು ಹಿನ್ನೋಲೆ ಎನ್ನುತ್ತೇವೆ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ನನಗಿಂತ ಮುಂಚಿನ ಇಬ್ಬರು ಬರೆದದ್ದನ್ನು ಕಂಡಿದ್ದೇನೆ. ನಾನೂ ಬರೆಯಬೇಕಾದೀತೆಂದು ಎಣಿಸಿರಲಿಲ್ಲ.

ನಿಮಗೇ ಯಾಕೆ ಬರೆಯುತ್ತೇವೆಂದರೆ, ನಮ್ಮ ಕಟ್ಟಳೆ ಹುಟ್ಟಿದ್ದು ನಿಮ್ಮಿಂದ. ಅಂಗೈಯ ಗಾಜಿನಲ್ಲಿ ದೂರದ ದೇಶಗಳನ್ನು ನೋಡುವುದನ್ನು ನೀವು ರೂಢಿಸಿದಿರಿ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ, ಸಮುದ್ರದಾಚೆಯ ಯಾವುದೋ ಪಟ್ಟಣದಲ್ಲಿ ಜನ ಮೊಣಕಾಲೂರಿದ್ದ ಏಳು ಸೆಕೆಂಡುಗಳ ಚಿತ್ರವೊಂದು ಈ ಕರಾವಳಿಗೆ ಬಂತು. ಆ ಚಿತ್ರ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಇಲ್ಲಿಯ ಬೀದಿಯೊಂದರಲ್ಲಿ ನಲವತ್ತು ಮನೆಗಳು ಸುಟ್ಟವು. ಆ ಮನೆಯವರು ಮಾಡಿದ ತಪ್ಪೆಂದರೆ, ಚಿತ್ರದಲ್ಲಿದ್ದವರ ಹಾಗೆ ಅವರೂ ಮೊಣಕಾಲೂರುತ್ತಿದ್ದರು. ಆಮೇಲೆ ಉಳಿದವರು ಕೂತು ಒಂದು ಕಟ್ಟಳೆ ಮಾಡಿದರು. ದೂರದೇಶದ ಯಾವ ಘಟನೆಯ ಬಗ್ಗೆಯೂ, ಆ ದೇಶದ ಮೂರು ಬೇರೆ ಬೇರೆ ಕೈಗಳು ಬರೆದ ಮೂರು ಕಾದಂಬರಿಗಳು ಕನ್ನಡಕ್ಕೆ ಬಂದು, ಓದುಚಾವಡಿಯಲ್ಲಿ ಪೂರ್ತಿ ಓದಿ ಮುಗಿಯುವ ತನಕ, ಊರು ತೀರ್ಮಾನಕ್ಕೆ ಬರಕೂಡದು. ಸುದ್ದಿ ನಮಗೆ ಬರುವುದಿಲ್ಲವೆಂದಲ್ಲ, ಬರುತ್ತದೆ. ಮೂರು ಕಾದಂಬರಿ ಮುಗಿಯುವ ತನಕ ಅದರ ಬಗ್ಗೆ ಮಾತಾಡುವುದು, ಊಟದ ಮಧ್ಯೆ ಎದ್ದು ಕೈ ತೊಳೆದಷ್ಟೇ ಅಸಭ್ಯ. ನಿಮ್ಮ ಕಾಯಿಲೆಗೆ ನಾವು ಮದ್ದು ಕಂಡುಕೊಂಡೆವೆಂದು ನಂಬಿದ್ದೆವು. ನಾನಂತೂ ನಂಬಿದ್ದೆ.

ಈಗ ಝರಬಾದಿನ ವಿಷಯಕ್ಕೆ ಬರುತ್ತೇನೆ. ಝರಬಾದ್ ಕೊಲ್ಲಿಯಾಚೆಯ ಒಂದು ಬಂದರು ದೇಶ. ನಿಮ್ಮ ನಕಾಶೆಯಲ್ಲಿ ಅದು ಇಲ್ಲ. ಅಲ್ಲಿ ಮಳೆಯಿಲ್ಲ, ಹೊಳೆಯಿಲ್ಲ. ಸಮುದ್ರದ ಉಪ್ಪು ತೆಗೆದ ನೀರೇ ಕುಡಿಯಬೇಕು, ಆ ನೀರನ್ನು ಒಂದು ಮನೆತನ ಮಾರುತ್ತಿತ್ತು. ೨೧೭೧ರಲ್ಲಿ ಜನ ಉಪ್ಪುನೀರ ಕಾರ್ಖಾನೆಯ ಗೇಟಿನೆದುರು ನಮಾಜಿಗೆ ಸಾಲಾಗಿ ನಿಂತರು. ಬಾಯಾರಿದವನಿಗೆ ನೀರಿನ ಮೇಲೆ ಹಕ್ಕಿದೆ ಎಂಬುದು ಅವರ ಧರ್ಮಶಾಸ್ತ್ರದ ಹಳೆಯ ಮಾತು. ಅದನ್ನೇ ಹೇಳುತ್ತಾ ಹದಿನಾರು ದಿನ ನಿಂತರು. ಹದಿನೇಳನೆಯ ದಿನ ಗೇಟು ತೆರೆಯಿತು, ಮನೆತನ ಓಡಿಹೋಯಿತು. ಮೌಲವಿಗಳ, ಕಾರ್ಮಿಕರ ಒಂದು ಮಂಡಳಿ ಅಧಿಕಾರಕ್ಕೆ ಬಂತು. ಪ್ರತಿ ನಲ್ಲಿಯ ಬಳಿ ಸಾಲು ಕಾಯಲು ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ನೇಮಕವಾದರು. ಅವರ ಕೊರಳಲ್ಲಿ ಒಂದು ಶೀಟಿ ನೇತಾಡುತ್ತಿತ್ತು. ಅವರನ್ನು ನಾವು ಸಾಲುಗಾವಲಿನವರು ಎಂದು ಕನ್ನಡಿಸಿದೆವು.

ನಮ್ಮ ಚಾವಡಿಯಲ್ಲಿ ಈ ಕ್ರಾಂತಿಯ ಬಗ್ಗೆ ಎರಡು ಪಂಗಡಗಳಾದವು. ಜನ ನಿಂತದ್ದು ನೀರಿಗಾಗಿ, ನಮಾಜು ಬರೀ ವೇಷ ಎಂದು ಒಂದು ಪಂಗಡ. ನಮಾಜೇ ಬೇರು, ನೀರು ನೆಪ ಎಂದು ಇನ್ನೊಂದು. ಊರಿನವರು ಇವರನ್ನು ವೇಷದವರು, ಬೇರಿನವರು ಎಂದು ಕರೆದರು. ಒಂದೇ ಪುಟ ಓದಿದಾಗ ಇಬ್ಬರಿಗೂ ತಮ್ಮ ತಮ್ಮ ಸಾಕ್ಷಿ ಸಿಗುತ್ತಿತ್ತು. ಆ ಸಾಲಿನಲ್ಲಿ ನಿಂತವರಿಗೆ ನೀರೂ ನಮಾಜೂ ಎರಡಾಗಿ ಕಂಡಿದ್ದವೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮಗೆ ಝರಿ ಭಾಷೆಯಿಂದ ಅನುವಾದ ಮಾಡಿಕೊಡುವವರು ಜುಬೇರ್ ದಾಮುದಿ. ಭಟ್ಕಳದ ಕಡೆಯ ಮನೆತನ. ಮೂರು ತಲೆಮಾರಿನಿಂದ ಗಂಗೊಳ್ಳಿಯಲ್ಲೇ ಇದ್ದಾರೆ. ಆ ಭಾಷೆಯನ್ನು ಹಡಗಿನವರಿಂದ ಕಲಿತರು. ಝರಬಾದನ್ನು ಒಮ್ಮೆಯೂ ನೋಡಿದವರಲ್ಲ. ಆದರೂ ಓದು ಮುಗಿದೊಡನೆ ಯಾರಾದರೊಬ್ಬರು ಅವರ ಕಡೆ ತಿರುಗಿ, "ನಿಮ್ಮೋರ್ ಎಂತಕ್ಕೆ ಹೀಂಗ್ ಮಾಡ್ರ್?" ಎಂದು ಕೇಳುವುದು ತಪ್ಪಿರಲಿಲ್ಲ. ಅವರ ಉತ್ತರ ಎಂದಿಗೂ ಒಂದೇ: "ಹ್ವಾಯ್, ಬಂಗುಡೆ ಮೀನ್ ಸಿಕ್ಕಿಲ್ಲೆ ಅಂತ ಗಂಗೊಳ್ಳಿಯವ್ರ್ ಕ್ರಾಂತಿ ಮಾಡ್ರೆ ನನ್ನತ್ರ ಕೇಣಿ. ಝರಬಾದಿಂದ್ ನಿಮ್ಗೆಷ್ಟ್ ಗೊತ್ತೋ ನಂಗೂ ಅಷ್ಟೇ." ಎಲ್ಲರೂ ನಗುತ್ತಿದ್ದರು. ಮುಂದಿನ ವಾರ ಮತ್ತೆ ಅದನ್ನೇ ಕೇಳುತ್ತಿದ್ದರು.

ಮೂರನೆಯ ಕಾದಂಬರಿಯ ಹೆಸರು 'ಏಳನೆಯ ಸಾಲು'. ಬರೆದವರ ಹೆಸರು ಸಾಕಿಯಾ, ಎಂದರೆ ನೀರು ಬಡಿಸುವವಳು. ಅದು ಇಟ್ಟುಕೊಂಡ ಹೆಸರೆಂದು ಗೊತ್ತಿತ್ತು. ನಿಜದ ಹೆಸರು ಯಾರಿಗೂ ತಿಳಿದಿರಲಿಲ್ಲ. ಹೆಂಗಸರ ಏಳನೆಯ ಸಾಲಿನಲ್ಲಿ ನಿಂತವಳೊಬ್ಬಳು ಕಥೆ ಹೇಳುತ್ತಾಳೆ. ಅವಳ ಕಣ್ಣು ಇಡೀ ಪುಸ್ತಕದಲ್ಲಿ ಆ ಸಾಲಿನ ಗಾವಲಿನವಳ ಮೇಲಿದೆ. ಗಾವಲಿನವಳು ಶೀಟಿ ಊದುವುದು, ಹುಡುಗಿಯರ ಸೆರಗು ಎಳೆದು ಸರಿಮಾಡುವುದು, ನಮಾಜಿಗೆ ನಿಲ್ಲದವರಿಗೆ ನೀರಿಲ್ಲ ಎಂಬ ಹೊಸ ನಿಯಮವನ್ನು ಬಾಯಿಪಾಠ ಒಪ್ಪಿಸುವುದು. ಕಾರ್ಖಾನೆಯ ಹಳೆಯ ಮೆಕ್ಯಾನಿಕ್ ಒಬ್ಬ ನಮಾಜಿನ ಸಾಲಿಗೆ ನಿಲ್ಲುವುದಿಲ್ಲ. ಈ ಯಂತ್ರದ ಮುಂದೆ ನಲವತ್ತು ವರ್ಷ ಬಗ್ಗಿದ್ದೇನೆ, ಅದೇ ಸಾಕು ಎನ್ನುತ್ತಾನೆ. ಒಂದು ಬೇಸಿಗೆಯ ನಡುಹಗಲು, ಗಂಡಸರ ಸಾಲು ಅವನನ್ನು ಸೇರಿಸದೆ, ಅವನು ಹೂಜಿ ಹಿಡಿದು ಹೆಂಗಸರ ಕಡೆಯ ನಲ್ಲಿಗೆ ಬಂದಾಗ ಗಾವಲಿನವಳು ಶೀಟಿ ಊದುತ್ತಾಳೆ, ನಲ್ಲಿ ಮುಚ್ಚುತ್ತಾಳೆ. ನಮಾಜು ಮುಗಿದು ಎದ್ದವರು ತಿರುಗಿ ನೋಡಿದರೆ ಅವನು ಗೋಡೆಗೊರಗಿ ಕೂತಿದ್ದಾನೆ. ಮೊಣಕಾಲುಗಳ ನಡುವೆ ಹೂಜಿ ನೆಟ್ಟಗೆ ನಿಂತಿದೆ. ಜೀವ ಹೋಗಿದೆ.

ಈ ಭಾಗವನ್ನು ನಾನು ಚಾವಡಿಯಲ್ಲಿ ಓದಿದ ದಿನ ಯಾರೂ ಕೆಮ್ಮಲಿಲ್ಲ. ಮರುವರ್ಷ ಬರೆದ ಒಕ್ಕಣೆಯ ಒಂದು ಸಾಲನ್ನು ಈಗ ಶಾಲೆಯ ಮಕ್ಕಳೂ ಹೇಳುತ್ತಾರೆ: ಬಾಯಾರಿದವನ ಹಕ್ಕಿನಿಂದ ಹುಟ್ಟಿದ ಕ್ರಾಂತಿ ಆ ನಲ್ಲಿಯ ಬಳಿ ಸತ್ತಿತು. ಅದರ ಕೆಳಗೆ ಇನ್ನೊಂದು ಮಾತು ಬರೆದೆ: ಸಾಲುಗಾವಲಿನವರು ತಾವು ಮಾಡಿದ್ದನ್ನು ತಾವೇ ಕಾಣಲಾರದವರು, ಕಾಣಲಾರದವರೊಡನೆ ನೆರೆಹೊರೆ ಸಾಧ್ಯವಿಲ್ಲ. ಆ ವಾಕ್ಯದ ಆಧಾರದ ಮೇಲೆ, ಝರಬಾದಿನಿಂದ ಯಾರೇ ಬಂದರೂ ಇಳಿಯಬಹುದು, ಸಾಲುಗಾವಲಿನವರು ಮಾತ್ರ ಇಳಿಯಕೂಡದು ಎಂದು ಬಂದರಿನ ಸಭೆ ಗೊತ್ತುಮಾಡಿತು. ನನಗೆ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಆ ಆರು ಪುಟಗಳ ಮಾತು. ಮುದುಕನ ಸಾವಾದ ಮೇಲೆ, ಮೂಲದಲ್ಲಿ, ಒಂದು ನಮಾಜಿನ ವರ್ಣನೆ ಬರುತ್ತದೆಯೆಂದು ಜುಬೇರರು ಆಗಲೇ ಹೇಳಿದ್ದರು. ನಿಲ್ಲುವುದು, ಬಾಗುವುದು, ಹಣೆ ಊರುವುದು, ಎಲ್ಲ ಸೇರಿ ಆರು ಪುಟ. ಕಥೆ ಅಲ್ಲಿ ಮುಂದೆ ಹೋಗುವುದಿಲ್ಲವೆಂದರು. ಕೇಳುವವರಿಗೆ ಬೇಸರವಾದೀತು, ಸಾವಿನ ಪೆಟ್ಟು ಸಡಿಲವಾದೀತು ಎಂದು ನಾನೇ ಹೇಳಿದೆ. ಬಿಟ್ಟುಬಿಡಿ ಎಂದೆ. ಅವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಯಾಕೆ ಒಪ್ಪಿದರೆಂದು ನಾನು ಆಗ ಯೋಚಿಸಲಿಲ್ಲ. ಅನುವಾದದಲ್ಲಿ ಅಲ್ಪವಿರಾಮ ತಪ್ಪಿದರೂ ಮೂಲ ತರಿಸಿ ನೋಡಿಸುವವಳು ನಾನು.

ಕಳೆದ ತಿಂಗಳು ಹಡಗೊಂದು ಹನ್ನೊಂದು ಜನರನ್ನು ಕಾಯುದಿಬ್ಬಕ್ಕೆ ತಂದಿಳಿಸಿತು. ಮರವಂತೆಯಲ್ಲಿ ಸಮುದ್ರಕ್ಕೂ ಹೊಳೆಗೂ ನಡುವೆ ನಿಮ್ಮ ಹೆದ್ದಾರಿ ಇತ್ತಲ್ಲ, ಈಗ ಅದು ದೋಣಿದಾರಿ. ಅಲ್ಲೇ ಕಲ್ಲು ತುಂಬಿಸಿ ಎತ್ತರಿಸಿದ ದಿಬ್ಬದಲ್ಲಿ, ಹೊರಗಿನಿಂದ ಬಂದವರು ನಲವತ್ತು ದಿನ ಕಾಯುತ್ತಾರೆ. ಬಂದವರಿಗೆ ಮೊದಲು ತೆಂಗಿನ ಚಿಪ್ಪಿನಲ್ಲಿ ನೀರು ಕೊಡುತ್ತೇವೆ. ಆಮೇಲೆ ಹೆಸರು ಕೇಳುತ್ತೇವೆ. ಹನ್ನೊಂದು ಜನರಲ್ಲಿ ಒಬ್ಬಾಕೆ ಚಿಪ್ಪನ್ನು ಕೈಯಲ್ಲಿ ಹಿಡಿದು, ಎಲ್ಲರಿಗೂ ಬಂತೇ ಎಂದು ಎಣಿಸಿ, ಕೊನೆಗೆ ಕುಡಿದಳಂತೆ. ಹೆಸರು ಮಹ್ರುಖ್. ಐವತ್ತೆಂಟು ವರ್ಷ. ಉದ್ಯೋಗ ಕೇಳಿದಾಗ ಮರೆಮಾಚದೆ ಹೇಳಿದಳು: ಸಾಲುಗಾವಲು.

ಹಿಂದೆ ಕಳಿಸಬೇಕಾದವರಿಗೆ ಕಾರಣವನ್ನು ಒಕ್ಕಣೆಗಾರರೇ ಎದುರು ಕೂತು ಓದಿ ಹೇಳಬೇಕು. ಇದಕ್ಕೆ ಎದುರೋದು ಎನ್ನುತ್ತೇವೆ. ಐದು ದಿನಗಳ ಹಿಂದೆ, ಬೆಳಿಗ್ಗೆ, ಜುಬೇರರನ್ನು ಕರೆದುಕೊಂಡು ದೋಣಿಯಲ್ಲಿ ಹೋದೆ. ಬಂದರಿನ ಸಭೆ ನಡೆಸುವ ಗುರಿಕಾರ ಕರುಣಾಕರ ಮೊಗೇರರೂ ಬಂದಿದ್ದರು. ಆಕೆ ಕಲ್ಲಿನ ಮೇಲೆ ಕೂತಿದ್ದಳು. ನಾನು ಒಕ್ಕಣೆ ಓದಿದೆ, ಜುಬೇರರು ವಾಕ್ಯ ವಾಕ್ಯವಾಗಿ ಝರಿಗೆ ತಂದರು. ನಲ್ಲಿಯ ಬಳಿ ಸತ್ತಿತು ಎಂಬಲ್ಲಿ ಆಕೆ ತಲೆಯೆತ್ತಿದಳು. ಆಧಾರ ಯಾವುದೆಂದು ಕೇಳಿದಳು. ಪುಸ್ತಕದ ಹೆಸರು ಹೇಳಿದೆವು. ಆ ಪುಸ್ತಕ ನಮ್ಮಲ್ಲಿ ಎಷ್ಟು ಪುಟವಿದೆ ಎಂದು ಕೇಳಿದಳು. ನಾನು ಹೇಳಿದೆ. ಅವಳು ಬೆರಳಲ್ಲಿ ಏನೋ ಲೆಕ್ಕಹಾಕಿದಳು.

"ಮುದುಕ ಸತ್ತ ಮೇಲೆ ನಾವು ನಮಾಜಿಗೆ ನಿಂತ ಪುಟಗಳು ಎಲ್ಲಿ?" ಎಂದು ಕೇಳಿದಳು. ಜುಬೇರರು ಅದನ್ನು ಕನ್ನಡಕ್ಕೆ ತರಲು ತಡವರಿಸಿದರು.

ಬಿಟ್ಟಿದ್ದೇವೆ ಎಂದೆ.

ಆಗ ಆಕೆ ಕಣ್ಣು ಮುಚ್ಚಿ ಹೇಳತೊಡಗಿದಳು. ಹೇಳುವುದೆಂದರೆ ಓದಿದ ಹಾಗೆ, ನಿಲ್ಲದೆ, ಒಂದೇ ದನಿಯಲ್ಲಿ. ಜುಬೇರರು ಮೊದಲು ಕನ್ನಡದಲ್ಲಿ ಹಿಂಬಾಲಿಸಿದರು. ಭುಜಕ್ಕೆ ಭುಜ, ಪಾದಕ್ಕೆ ಪಾದ ತಾಗಿಸಿ ನಿಂತ ಹೆಂಗಸರು. ಪಕ್ಕದಲ್ಲಿ ನಿಂತವಳು ಸತ್ತವನ ಮಗಳು. ಅವಳ ಭುಜ ನಡುಗುತ್ತಿತ್ತು, ಆ ನಡುಕ ಸಾಲಿನುದ್ದಕ್ಕೂ ಹರಿಯಿತು. ಬಾಗಿದಾಗ ಹೂಜಿ ಕಾಣಿಸಿತು. ಆಮೇಲೆ ಒಂದು ವಾಕ್ಯಕ್ಕೆ ಜುಬೇರರ ಮಾತು ನಿಂತುಹೋಯಿತು. ನಾನು ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದರು:

"ನನ್ನ ಹಣೆಗಿಂತ ಮೊದಲು, ನನ್ನ ಕೊರಳಿನ ಶೀಟಿ ನೆಲ ಮುಟ್ಟಿತು."

ಕಥೆ ಹೇಳುವವಳ ಕೊರಳಲ್ಲಿ ಶೀಟಿ. ಇಡೀ ಪುಸ್ತಕದಲ್ಲಿ ನೋಡುವವಳೂ ನೋಡಿಸಿಕೊಳ್ಳುವವಳೂ ಒಬ್ಬಳೇ. ತನ್ನನ್ನು ತಾನು ಮುನ್ನೂರು ಪುಟಗಳುದ್ದ, ಏಳನೆಯ ಸಾಲಿನಲ್ಲಿ ಪರಕೀಯಳ ಹಾಗೆ ನಿಂತು ನೋಡಿಕೊಂಡವಳು, ನೆಲಕ್ಕೆ ಬಾಗಿದ ಆ ಗಳಿಗೆಯಲ್ಲಿ ಮಾತ್ರ ನಾನೇ ಎಂದು ಒಪ್ಪಿಕೊಂಡಿದ್ದಾಳೆ. ಆ ಒಪ್ಪಿಗೆಯನ್ನೇ ನಾವು ಕತ್ತರಿಸಿದ್ದೆವು. ಉಳಿದದ್ದನ್ನು ಹಿಡಿದುಕೊಂಡು, ಇವರು ತಮ್ಮನ್ನು ತಾವು ಕಾಣಲಾರದವರು ಎಂದು ನಾನು ಬರೆದಿದ್ದೆ.

ಅದೇ ದೋಣಿಯಲ್ಲಿ ಹಿಂತಿರುಗಿದೆವು. ಜುಬೇರರ ಮನೆಗೆ ಹೋಗಿ ಪೆಟ್ಟಿಗೆಯಿಂದ ಮೂಲ ತೆಗೆಸಿದೆ. ಬೆರಳಿಟ್ಟು ನೋಡಿದೆವು. ಆಕೆ ಹೇಳಿದ್ದಕ್ಕೂ ಅಚ್ಚಾದದ್ದಕ್ಕೂ ಎರಡೇ ಮಾತಿನ ವ್ಯತ್ಯಾಸ. ಆಕೆಯೇ ಸಾಕಿಯಾ ಎಂಬುದಕ್ಕೆ ಇದು ಪೂರ್ತಿ ಪುರಾವೆಯಲ್ಲ, ಕಂಠಪಾಠ ಮಾಡಿದವರು ಯಾರೂ ಹೇಳಬಹುದು ಎಂದೆ. ಆ ಪುಟಗಳು ಮಾತ್ರ ಪುರಾವೆ ಬೇಡದೆ ಎದುರಿಗಿದ್ದವು. ನೀವು ಇದನ್ನು ಆಗಲೇ ಓದಿರಲಿಲ್ಲವೇ ಎಂದು ಜುಬೇರರನ್ನು ಕೇಳಿದೆ. ಅವರು ಪುಸ್ತಕದ ಬೆನ್ನು ಸವರಿದರು.

"ಓದ್ಲಿಲ್ಲೆ ಅಕ್ಕಾ," ಎಂದರು. "ನಮಾಜ್ ಅಲ್ದಾ, ನಂಗೊತ್ತಿಲ್ದಾ, ಅದ್ರೊಳ್ಗೆ ಓದುಕೆ ಎಂತ ಇತ್ತ್ ಅಂದ್ಕಂಡೆ. ಪುಟ ಮಗ್ಚಿದೆ." ಮತ್ತೆ ತಲೆಯೆತ್ತದೆ, "ಅದೂ ಅಲ್ದೆ, ಚಾವಡಿಯೊಳ್ಗೆ ನಮಾಜ್ ಅಂತ ಬಂದ್ ಕೂಡ್ಲೆ ಎಲ್ಲ್ರೂ ನನ್ನ್ ಮುಖ ಕಾಂತ್ರ್. ಆರ್ ಪುಟ ನನ್ನ್ ಮುಖ ಕಾಂತ್ರಲೆ ಅಂತ ಹೆದ್ರಿಕಿ ಆಯ್ತ್. ನೀವ್ ಬಿಡಿ ಅಂದದ್ದ್ ಒಳ್ಳೇದೇ ಆಯ್ತ್ ಅಂದ್ಕಂಡೆ" ಎಂದರು.

ನನ್ನದಲ್ಲವೆಂದು ನಾನು ಬಿಟ್ಟೆ. ತಮ್ಮದೇ ಎಂದು ಅವರು ಬಿಟ್ಟರು.

ಮರುದಿನ ಒಬ್ಬಳೇ ಹೋಗುವ ಧೈರ್ಯವಾಗದೆ ಜುಬೇರರನ್ನು ಕರೆದುಕೊಂಡೇ ಮತ್ತೆ ದಿಬ್ಬಕ್ಕೆ ಹೋದೆ. ಪುಸ್ತಕ ಬಂದ ಮೇಲೆ ಅಲ್ಲಿ ಏನಾಯಿತೆಂದು ಕೇಳಿದೆ. ಮಹ್ರುಖ್ ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ. ಅದನ್ನು ಹೊರಗಿನವರಿಗೆಂದು ಬರೆದಿರಲಿಲ್ಲ. ಶುಕ್ರವಾರದ ನಮಾಜಾದ ಮೇಲೆ ಮಸೀದಿಯ ಅಂಗಳಗಳಲ್ಲೇ ಅದನ್ನು ಓದಿದರು. ಒಂದು ಅಂಗಳದಲ್ಲಿ ಗಾವಲಿನ ಗಂಡಸೊಬ್ಬ ಎದ್ದು ತನ್ನ ಶೀಟಿ ಕಳಚಿ ನೆಲದ ಮೇಲಿಟ್ಟ. ವರ್ಷದೊಳಗೆ ಮಂಡಳಿ ನಲ್ಲಿಯ ನಿಯಮವನ್ನು ರದ್ದುಮಾಡಿತು. ನಾವು ಕ್ರಾಂತಿಯ ಸಾವೆಂದು ಬಾಗಿಲಿಗಂಟಿಸಿದ ಪುಸ್ತಕವನ್ನು ಅವರು ಕ್ರಾಂತಿಯದೇ ಕೆಲಸವೆಂದು ಓದಿದ್ದರು. ನಾಲ್ಕು ವರ್ಷ ಹಾಗೆ ನಡೆಯಿತು. ಆಮೇಲೆ ಬೇರೆ ಮಂಡಳಿ ಬಂತು, ನಿಯಮ ಮರಳಿ ಬಂತು. ಪುಸ್ತಕ ಓದಿದವರನ್ನು ಹುಡುಕಿ ಹಿಡಿಯತೊಡಗಿದರು. ಶೀಟಿ ಕಳಚಿಟ್ಟ ಗಂಡಸು ಈಗಿಲ್ಲ. ಬರೆದವರು ಯಾರೆಂದು ಮಂಡಳಿಗೆ ಈ ವರ್ಷ ತಿಳಿಯಿತು. ಆಕೆ ಹಡಗು ಹತ್ತಿದಳು. ವಾಪಸು ಹೋದರೆ ಏನಾಗುತ್ತದೆಂದು ನಾನು ಕೇಳಲಿಲ್ಲ.

ಇಷ್ಟಾದ ಮೇಲೂ ಅದನ್ನು ನಿಮ್ಮ ಕ್ರಾಂತಿ ಎನ್ನುತ್ತೀರಾ ಎಂದು ಕೇಳಿದೆ. ಜುಬೇರರು ಅನುವಾದಿಸಲು ಹಿಂಜರಿದು, "ಅಕ್ಕಾ, ಇದನ್ನ್ ಕೇಂಬುದ್ ಬೇಡ" ಎಂದರು. ಆಕೆಗೆ ಧಾಟಿಯಿಂದಲೇ ಅರ್ಥವಾಗಿರಬೇಕು. ನಗುತ್ತಲೇ ಉತ್ತರ ಕೊಟ್ಟಳು: "ನಿಮ್ಮ ಸಮುದ್ರ ನಲವತ್ತು ಬೀದಿ ನುಂಗಿದೆಯೆಂದು ದೋಣಿಯವನು ತೋರಿಸಿದ. ಆದರೂ ಬೆಳಿಗ್ಗೆ ಬಲೆ ತೆಗೆದುಕೊಂಡು ಅಲ್ಲಿಗೇ ಹೋಗುತ್ತೀರಿ. ಯಾಕೆಂದು ನಿಮ್ಮನ್ನು ಯಾರಾದರೂ ಕೇಳಿದ್ದಾರಾ?" ಮತ್ತೆ ಹೇಳಿದಳು: "ಸಮುದ್ರದ ಮೇಲೆ ಸಿಟ್ಟಿಲ್ಲವೆಂದು ನಾನು ಹೇಳಲಿಲ್ಲ."

ಈ ಮಾತಿನಲ್ಲಿ ವೇಷದವರಿಗೂ ಬೇರಿನವರಿಗೂ ಹಿಡಿದುಕೊಳ್ಳಲು ಏನೂ ಇಲ್ಲ. ನನಗೂ ಇಲ್ಲ. ಐದು ದಿನಗಳಿಂದ ಬೇರೆ ಪುಸ್ತಕ ತೆರೆಯಲು ಕೈ ಬರುತ್ತಿಲ್ಲ. ಕಪಾಟಿನಲ್ಲಿ ನನ್ನ ಹತ್ತೊಂಬತ್ತು ಒಕ್ಕಣೆಗಳಿವೆ. ಪ್ರತಿಯೊಂದರ ಹಿಂದೆಯೂ ನಾನು ಬೇಸರವೆಂದು ಬಿಡಿಸಿದ ಪುಟಗಳಿವೆ. ಅವು ಯಾವುವೆಂದು ಈಗ ನೆನಪಿಲ್ಲ.

ಗುರಿಕಾರರಿಗೆ ಎಲ್ಲವನ್ನೂ ಹೇಳಿದೆ. ಕರುಣಾಕರರು ಕೆಟ್ಟವರಲ್ಲ. ಆಲಿಸಿ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಕೇಳಿದರು: "ಜಲಜಕ್ಕಾ, ಬರ್ದದ್ದ್ ಅವ್ಳೇ ಅಂದ್ರೆ ನಲ್ಲಿ ಮುಚ್ಚಿದ್ದೂ ಅವ್ಳೇ ಅಲ್ದಾ? ಇಷ್ಟ್ ದಿನ ಅನುಮಾನ ಇದ್ದಿತ್ತ್, ಈಗ ಅದೂ ಇಲ್ಲೆ. ಮತ್ತೆ ನಿಮ್ದ್ ತಕರಾರ್ ಎಂತ?"

ಅವರು ಹೇಳುವುದು ಸರಿ. ಮುದುಕ ಸತ್ತದ್ದು ನಿಜ. ಅವನ ಮಗಳು ಎಲ್ಲೋ ಇದ್ದಾಳೆ; ಕ್ಷಮಿಸುವುದು ಬಿಡುವುದು ಅವಳಿಗೆ ಸೇರಿದ್ದು. ಆದರೆ ನಾವು ಮಹ್ರುಖಳನ್ನು ಹಿಂದೆ ಕಳಿಸುತ್ತಿರುವುದು ಮುದುಕನ ಸಾವಿಗಾಗಿ ಅಲ್ಲ. ತಾನು ಮಾಡಿದ್ದನ್ನು ಕಾಣಲಾರಳು ಎಂಬ ನನ್ನ ವಾಕ್ಯಕ್ಕಾಗಿ. ಆ ವಾಕ್ಯ ಸುಳ್ಳು. ಆಕೆ ತನ್ನನ್ನು ಕಂಡಷ್ಟು ಸ್ಪಷ್ಟವಾಗಿ ನಾನು ಈ ಐದು ದಿನಗಳ ತನಕ ನನ್ನನ್ನು ಕಂಡಿರಲಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ ಇದೆ. ದೂರದಲ್ಲಿ ಜನ ಸಾಲಾಗಿ ನಿಂತದ್ದನ್ನು, ಬಾಗಿದ್ದನ್ನು, ಕೂಗಿದ್ದನ್ನು ನೀವು ಅಂಗೈಯಲ್ಲಿ ನೋಡುತ್ತೀರಿ. ಬೇಗ ತೀರ್ಪು ಕೊಡುತ್ತೀರೆಂದು ನಿಮ್ಮನ್ನು ನಾವು ಹಳಿಯುತ್ತಾ ಬಂದೆವು. ನಾವು ಹನ್ನೆರಡು ವರ್ಷ ಕಾದು, ಅದೇ ತಪ್ಪನ್ನು ಒಳ್ಳೆಯ ಭಾಷೆಯಲ್ಲಿ ಮಾಡಿದೆವು. ನಿಧಾನವಾಗಿ ಓದಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ನಿಮಗೆ ಎಲ್ಲಿ ಬೇಸರ ಬರುತ್ತದೋ, ಗೊತ್ತಿರುವುದೇ ಎನಿಸಿ ಎಲ್ಲಿ ಪುಟ ಮಗುಚುತ್ತೀರೋ, ಅಲ್ಲಿ ಒಂದು ಗುರುತು ಹಾಕಿಡಿ. ಇಷ್ಟೇ.

ಒಕ್ಕಣೆಗಾರರು ತಮ್ಮ ಒಕ್ಕಣೆಯನ್ನು ತಾವೇ ಕೀಳಬಹುದು. ಕಿತ್ತವರು ಮತ್ತೆ ಚಾವಡಿಯಲ್ಲಿ ಓದುವಂತಿಲ್ಲ, ಬರೆಯುವಂತಿಲ್ಲ. ಒಕ್ಕಣೆ ಇಲ್ಲದ ದೇಶದವರನ್ನು ಇಳಿಸಲೂ ಆಗದು, ಹಿಂದೆ ಕಳಿಸಲೂ ಆಗದು. ಹೊಸದಾಗಿ ಮೂರು ಕಾದಂಬರಿ ಓದಿ ಮುಗಿಯುವ ತನಕ ಮಹ್ರುಖ್ ದಿಬ್ಬದಲ್ಲೇ ಉಳಿಯುತ್ತಾಳೆ. ಉಳಿದ ಹತ್ತು ಜನ ಇಳಿಯಬೇಕಾದವರು. ಅವರೂ ಅವಳೊಡನೆ ಅಲ್ಲೇ ಉಳಿಯಬೇಕಾಗುತ್ತದೆ, ಬಹುಶಃ ವರ್ಷಗಟ್ಟಲೆ. ಈ ವಿಷಯ ಅವರಿಗೆ ನಾನಿನ್ನೂ ತಿಳಿಸಿಲ್ಲ. ಮಹ್ರುಖಳಿಗೆ ನಿನ್ನೆ ಹೇಳಿದೆ. ಅವರನ್ನು ಮೊದಲು ಕೇಳಿ ಎಂದಳು.

ನಾಳೆ ಒಂದನೆಯ ತಾರೀಖು. ಭರತ ಏರುವ ಮುನ್ನ, ಹಡಗು ಹೊರಡಿಸುವ ಶಂಖ ಊದುವ ಮುನ್ನ, ದಿಬ್ಬಕ್ಕೆ ಹೋಗಿ ಆ ಹತ್ತು ಜನರೆದುರು ಕೂತು ಇದನ್ನೆಲ್ಲ ಹೇಳುವುದು. ಅವರು ಏನೇ ಹೇಳಲಿ, ಅದನ್ನು ಕೇಳಿಸಿಕೊಂಡು ಬಂದು, ಝರಬಾದಿನ ಒಕ್ಕಣೆಯನ್ನು ನನ್ನ ಕೈಯಿಂದಲೇ ಕೀಳುವುದು. ಕೀಳುವ ಮೊದಲು, ನನ್ನ ಓದುವ ಹಕ್ಕು ಇರುವಾಗಲೇ, ಆ ಆರು ಪುಟಗಳನ್ನು ಚಾವಡಿಯ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದುವುದು ಎಂದು ತೀರ್ಮಾನಿಸಿದ್ದೇನೆ. ಜುಬೇರರು ಅವನ್ನು ಕನ್ನಡಕ್ಕೆ ತಂದುಕೊಟ್ಟಿದ್ದಾರೆ. ಈ ಸಲ ಒಂದು ಮಾತನ್ನೂ ಬಿಟ್ಟಿಲ್ಲವೆಂದು ನನ್ನ ಕಣ್ಣೆದುರು ಪುಟಕ್ಕೆ ಪುಟ ತೋರಿಸಿದ್ದಾರೆ. ಓದುವಾಗ ನನ್ನ ಪಕ್ಕದಲ್ಲಿ, ಎಲ್ಲರಿಗೂ ಮುಖ ಕಾಣುವ ಹಾಗೆ, ನಿಲ್ಲುತ್ತೇನೆ ಎಂದಿದ್ದಾರೆ.

ಇಲ್ಲಿಂದ ಬಾಗಿಲು ಕಾಣುತ್ತದೆ. ಕಾಗದದ ಒಂದು ಮೂಲೆ ಗಾಳಿಗೆ ಎದ್ದು ಬಡಿಯುತ್ತಿದೆ. ಉಳಿದ ಮೂರು ಮೂಲೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿವೆ.

ಜಲಜಾ ಖಾರ್ವಿ